ಗೇಣುದ್ದದ ಕಡ್ಡಿಯ ಚರಿತ್ರೆ

ಮಾಗಿಯ ಚಳಿ ಹಿಂದೆ ಸರಿದು ಬಿಸಿಲು ಬಲಿಯುವ ಹೊತ್ತಿಗೆ ಪುಣೆಯ ಹಣ್ಣಿನ ಬುಟ್ಟಿಗಳಲ್ಲಿ ಪುರಂದರದ ಅಂಜೂರ ಕಾಣಿಸಿಕೊಳ್ಳುತ್ತದೆ. ಸಾಸವಡದ ಸುತ್ತಿನ ಒಣಭೂಮಿಯಲ್ಲಿ ಬೆಳೆಯುವ ಈ ಹಣ್ಣಿಗೆ 2016ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಅಲ್ಲಿನ ರೈತರು ವರ್ಷದ ಎರಡು ಬೆಳೆಗಳನ್ನು ಹೆಸರಿಟ್ಟು ಗುರುತಿಸುತ್ತಾರೆ: ಮಳೆಗಾಲದ್ದು ಖಟ್ಟಾ ಬಹಾರ, ಬೇಸಿಗೆಯದು ಮೀಠಾ ಬಹಾರ. ಪೇಟೆಯಲ್ಲಿ ಬೆಲೆ ಎರಡನೆಯದಕ್ಕೆ. ಹಣ್ಣನ್ನು ಸೀಳಿದರೆ ಒಳಗೆ ನೂರಾರು ಸಣ್ಣ ಕಾಳುಗಳು ಹೊಳೆಯುತ್ತವೆ. ಅವನ್ನು ಬೀಜವೆಂದು ನಂಬಿ ಕುಂಡದಲ್ಲಿ ಬಿತ್ತಿ ಕಾದು ಕುಳಿತವರು ನಮ್ಮ ಬಳಗದಲ್ಲೂ ಇದ್ದಾರೆ. ಕಾಯುವುದರಿಂದ ಪ್ರಯೋಜನವಿಲ್ಲ. ಆ ಕಾಳುಗಳು ಬಹುಮಟ್ಟಿಗೆ ಟೊಳ್ಳು. ಮೊಳಕೆಯಾಗಬೇಕಾದ ಜೀವ ಅವುಗಳೊಳಗಿಲ್ಲ. ಈ ಗಿಡ ಮುಂದುವರಿಯಬೇಕಾದರೆ ಯಾರಾದರೂ ಅದರ ಕೊಂಬೆಯಿಂದ ಗೇಣುದ್ದದ ಕಡ್ಡಿಯೊಂದನ್ನು ಕತ್ತರಿಸಿ ಊರಬೇಕು, ಇಲ್ಲವೇ ಕೊಂಬೆಗೆ ಗೂಟಿ ಕಟ್ಟಬೇಕು.

ಹಾಗೆ ಊರಿದ ಕಡ್ಡಿ ಚಿಗುರಿ ಮರವಾದಾಗ ಅದನ್ನು ತಾಯಿಮರದ ಮಗಳೆಂದು ಕರೆಯುವುದು ವಾಡಿಕೆ. ನಿಜ ಹೇಳಬೇಕೆಂದರೆ ಅದು ಮಗಳಲ್ಲ, ಅದೇ ತಾಯಿ. ಬೀಜದಲ್ಲಿ ಇಬ್ಬರ ಬೆರಕೆಯಿರುತ್ತದೆ, ಕಡ್ಡಿಯಲ್ಲಿ ಇಲ್ಲ. ಒಂದೇ ಮರ ಸಾವಿರಾರು ವರ್ಷ ಸಾಯದೆ ಊರಿಂದ ಊರಿಗೆ ನಡೆದುಬಂದಿದೆ, ನಡೆಸಿಕೊಂಡು ಬಂದದ್ದು ಮನುಷ್ಯರ ಕೈ. ಆದುದರಿಂದ ಅಂಜೂರದ ಚರಿತ್ರೆಯನ್ನು ಬರೆಯಹೊರಟವನು ಮರದ ತಲೆಮಾರುಗಳನ್ನು ಎಣಿಸಬೇಕಾಗಿಲ್ಲ. ಯಾರು ಕಡ್ಡಿ ಒಯ್ದರು, ಒಯ್ಯುವಾಗ ಜೊತೆಗೆ ಏನು ಬಂತು, ಏನು ಹಿಂದೆ ಉಳಿಯಿತು ಎಂಬುದನ್ನು ಕೇಳಬೇಕು.

ಮೊದಲು ಒಯ್ದ ಕೈ ಎಷ್ಟು ಹಳೆಯದು ಎಂಬ ಬಗ್ಗೆ ಒಂದು ಸ್ವಾರಸ್ಯಕರ ವಾದವಿದೆ. ಜೋರ್ಡನ್ ನದಿಯ ಕೆಳಕಣಿವೆಯಲ್ಲಿ, ಜೆರಿಕೋ ಪಟ್ಟಣದ ಉತ್ತರಕ್ಕೆ, ಗಿಲ್ಗಾಲ್ ಎಂಬ ನವಶಿಲಾಯುಗದ ನೆಲೆಯೊಂದಿದೆ. ಅಲ್ಲಿ ಸುಟ್ಟುಹೋಗಿದ್ದ ಮನೆಯೊಂದರ ಅವಶೇಷದಲ್ಲಿ ಒಂಬತ್ತು ಪುಟ್ಟ ಅಂಜೂರಗಳು ಇದ್ದಿಲಾಗಿ ಉಳಿದಿದ್ದವು. 2006ರಲ್ಲಿ ಕಿಸ್ಲೆವ್, ಹಾರ್ಟ್‌ಮನ್ ಮತ್ತು ಬಾರ್-ಯೋಸೆಫ್ ಎಂಬ ವಿದ್ವಾಂಸರು ‘ಸೈನ್ಸ್’ ಪತ್ರಿಕೆಯಲ್ಲಿ ಈ ಹಣ್ಣುಗಳ ವಿಚಾರ ಬರೆದರು. ಕಾಲ ಇಂದಿಗೆ 11,200ರಿಂದ 11,400 ವರ್ಷಗಳ ಹಿಂದೆ. ಒಳಗಿನ ಕಾಳುಗಳು ಪರಾಗಸ್ಪರ್ಶವಿಲ್ಲದೆ ಬಲಿತವು. ಅಂಥ ಮರ ತಾನಾಗಿ ಸಂತತಿ ಬೆಳೆಸಲಾರದು. ಆದ್ದರಿಂದ ಮನುಷ್ಯರೇ ಕೊಂಬೆ ಕಡಿದು ನೆಟ್ಟಿರಬೇಕು. ಹಾಗಿದ್ದರೆ ಗೋಧಿ, ಬಾರ್ಲಿಗಳನ್ನು ಪಳಗಿಸುವುದಕ್ಕೂ ಸುಮಾರು ಸಾವಿರ ವರ್ಷ ಮೊದಲೇ ಅಂಜೂರದ ಕಡ್ಡಿ ನೆಡುವ ವಿದ್ಯೆ ಮನುಷ್ಯನಿಗೆ ಸಿದ್ಧಿಸಿತ್ತು — ಇದು ಅವರ ತರ್ಕ. ಆಕ್ಷೇಪಗಳೂ ಬೇಗನೆ ಬಂದವು. ಕಾಡಿನ ಹೆಣ್ಣುಮರಗಳಲ್ಲೂ ಪರಾಗ ತಾಗದ ಕಾಯಿಗಳು ಒಮ್ಮೊಮ್ಮೆ ಉದುರದೆ ನಿಲ್ಲುವುದುಂಟು. ಒಂಬತ್ತು ಕಾಯಿಗಳಿಂದ ಕೃಷಿಯ ಆದಿಯನ್ನೇ ಬದಲಿಸಬೇಕೆ ಎಂದು ಕೇಳಿದರು. ಆಕ್ಷೇಪ ತೂಕದ್ದೇ ಎಂದು ನನಗೂ ಅನ್ನಿಸುತ್ತದೆ. ಆದರೂ ವಾದದ ಒಂದು ಭಾಗ ಗಟ್ಟಿಯಾಗಿ ನಿಲ್ಲುತ್ತದೆ: ನೆಡಲು ಇಷ್ಟು ಸುಲಭವಾದ ಮರ ಬೇರೆ ಅಪರೂಪ. ಬಿತ್ತನೆಯ ಕಾಲ, ಕಾಳಿನ ಆಯ್ಕೆ, ಕೊಯ್ಲಿನ ಲೆಕ್ಕ ಇವೆಲ್ಲ ಗೊತ್ತಿಲ್ಲದವನೂ ಹಸಿನೆಲಕ್ಕೆ ಕಡ್ಡಿ ಚುಚ್ಚಬಲ್ಲ.

ಪರಾಗ ತಾಗದ ಕಾಯಿ ಎಂಬ ಮಾತು ಬಂದದ್ದರಿಂದ ಅಂಜೂರದ ಸಂಸಾರವನ್ನು ಒಂದಿಷ್ಟು ಬಿಡಿಸಿ ಹೇಳಬೇಕು. ಅತ್ತಿಯ ಹೂ ಕಂಡವರಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅತ್ತಿಹಣ್ಣು ಬಿಚ್ಚಿದರೆ ಹುಳು ಎಂದೂ ಹೇಳುತ್ತಿದ್ದರು. ಎರಡೂ ಮಾತು ಒಂದೇ ಸಂಗತಿಯನ್ನು ಎರಡು ಕಡೆಯಿಂದ ನೋಡಿವೆ. ಅತ್ತಿ, ಆಲ, ಅರಳಿ, ಅಂಜೂರ ಇವೆಲ್ಲ ಒಂದೇ ಕುಲ. ಇವುಗಳಲ್ಲಿ ನಾವು ಹಣ್ಣೆನ್ನುವುದು ಹೂಗಳನ್ನು ಒಳಮುಖವಾಗಿ ತುಂಬಿಟ್ಟ ಒಂದು ಮುಚ್ಚಿದ ಕುಡಿಕೆ. ಅದರ ಬಾಯಿಯ ಸೂಕ್ಷ್ಮ ರಂಧ್ರದಿಂದ ಒಳಹೊಗುವ ಪುಟ್ಟ ಕಣಜವೇ ಪರಾಗವನ್ನು ಹೊತ್ತು ತರುವುದು. ಅಂಜೂರದಲ್ಲಿ ಗಂಡು, ಹೆಣ್ಣು ಮರಗಳು ಬೇರೆಬೇರೆ. ಗಂಡುಮರದ ಕಾಯಿ ತಿನ್ನಲು ಬಾರದು; ರೋಮನರು ಅದನ್ನು ಆಡಿನ ಅಂಜೂರವೆಂದು ಕರೆದರು. ಆ ಕಾಯಿಯೊಳಗೆ ಕಣಜ ಮೊಟ್ಟೆಯಿಟ್ಟು ಬೆಳೆಯುತ್ತದೆ, ಪರಾಗ ಬಳಿದುಕೊಂಡು ಹೊರಬಂದು ಹೆಣ್ಣುಮರದ ಕಾಯಿಯನ್ನು ಹೊಗುತ್ತದೆ. ಕೆಲವು ತಳಿಗಳಿಗೆ ಈ ಅತಿಥಿಯೇ ಬೇಡ. ಕಾಯಿ ತಾನೇ ಮಾಗುತ್ತದೆ, ಬೀಜ ಮಾತ್ರ ಕಟ್ಟುವುದಿಲ್ಲ. ಪುಣೆಯ ಅಂಜೂರ ಈ ಗುಂಪಿನದು. ಇನ್ನು ಕೆಲವು ತಳಿಗಳಲ್ಲಿ ಕಣಜ ಬಾರದಿದ್ದರೆ ಕಾಯಿ ಗೋಲಿಯ ಗಾತ್ರಕ್ಕೆ ಬಂದು ಉದುರಿಬಿಡುತ್ತದೆ. ಈ ಎರಡನೆಯ ಗುಂಪಿನಿಂದಾದ ಪೇಚಿನ ಕಥೆ ಮುಂದೆ ಬರುತ್ತದೆ.

ನಮ್ಮ ದೇಶಕ್ಕೆ ಅತ್ತಿ ಸ್ವಂತದ್ದು, ಅಂಜೂರ ಹೊರಗಿನದು. ಹೆಸರೇ ಪಾರಸಿಯಿಂದ ಬಂದದ್ದು. ತಮಿಳರು ಇದನ್ನು ‘ಸೀಮೈ ಅತ್ತಿ’ ಎನ್ನುತ್ತಾರೆಂಬುದನ್ನು ಚೆನ್ನೈಯ ಓದುಗರು ಬಲ್ಲರು. ನಮ್ಮ ಸೀಮೆಸುಣ್ಣ, ಸೀಮೆಎಣ್ಣೆಗಳಂತೆ ಅಲ್ಲಿಯೂ ಪರದೇಶದಿಂದ ಬಂದ ವಸ್ತುವಿಗೆ ‘ಸೀಮೆ’ ಎಂಬ ಮುದ್ರೆ. ಮೌರ್ಯರ ಕಾಲದ ಒಂದು ಪ್ರಸಂಗ ಇದಕ್ಕೆ ಹೊಂದುತ್ತದೆ. ಬಿಂದುಸಾರನು ಸಿರಿಯದ ದೊರೆ ಆಂಟಿಯೋಕಸನಿಗೆ ಪತ್ರ ಬರೆದು ಸಿಹಿಯಾದ ದ್ರಾಕ್ಷಾರಸ, ಒಣ ಅಂಜೂರ ಮತ್ತು ಒಬ್ಬ ತಾರ್ಕಿಕ ಪಂಡಿತ ಈ ಮೂರನ್ನು ಕೊಂಡು ಕಳುಹಿಸಬೇಕೆಂದು ಕೇಳಿದನಂತೆ. ದ್ರಾಕ್ಷಾರಸವನ್ನೂ ಅಂಜೂರವನ್ನೂ ಕಳುಹಿಸುತ್ತೇನೆ, ಪಂಡಿತರನ್ನು ಮಾರುವುದು ಗ್ರೀಕರಲ್ಲಿ ಧರ್ಮಸಮ್ಮತವಲ್ಲ ಎಂದು ಉತ್ತರ ಬಂತು. ಅಥೆನಾಯಸ್ ಎಂಬ ಗ್ರೀಕ್ ಲೇಖಕ ಹಳೆಯ ಗ್ರಂಥಕರ್ತನೊಬ್ಬನನ್ನು ಆಧರಿಸಿ ಈ ಕಥೆಯನ್ನು ಉಳಿಸಿದ್ದಾನೆ. ಸಾಮಾನ್ಯವಾಗಿ ಇದನ್ನು ಪಂಡಿತನ ಕುರಿತ ವಿನೋದವೆಂದು ಹೇಳಿ ಮುಗಿಸುತ್ತಾರೆ. ನನಗೆ ಅಂಜೂರದ ಭಾಗವೇ ಹೆಚ್ಚು ಮುಖ್ಯ. ಪಾಟಲಿಪುತ್ರದ ಅರಸ ಹಣ್ಣು ಕೇಳಿದ, ಗಿಡ ಕೇಳಲಿಲ್ಲ.

ಗಿಡದ ಕೊಂಬೆಯೊಂದನ್ನು ಕಡಲಾಚೆಗೆ ಕಳುಹಿಸಿದ ಕೀರ್ತಿ ಬಿಂದುಸಾರನ ಮಗನಿಗೆ ಸಂದಿತು. ಅಶೋಕನ ಮಗಳು ಸಂಘಮಿತ್ರೆ ಬೋಧಿವೃಕ್ಷದ ಕೊಂಬೆಯೊಂದಿಗೆ ಸಿಂಹಳಕ್ಕೆ ಹೋದದ್ದನ್ನು ‘ಮಹಾವಂಶ’ ವಿಸ್ತಾರವಾಗಿ ವರ್ಣಿಸುತ್ತದೆ. ಅರಳಿಯೂ ಅಂಜೂರದ ದಾಯಾದಿಯೇ ಆದುದರಿಂದ ಈ ವರ್ಣನೆ ನಮ್ಮ ವಿಷಯಕ್ಕೆ ಸೇರಿದ್ದು. ಅಶೋಕನು ಮರದ ದಕ್ಷಿಣದ ಕೊಂಬೆಗೆ ಮನಃಶಿಲೆಯಿಂದ ಒಂದು ಗೆರೆ ಎಳೆದನೆಂದೂ, ಕೊಂಬೆ ಕತ್ತಿ ತಾಗದೆಯೇ ಆ ಗೆರೆಯಲ್ಲಿ ಕಳಚಿಕೊಂಡು, ಪರಿಮಳದ ಮಣ್ಣು ತುಂಬಿದ್ದ ಚಿನ್ನದ ಪಾತ್ರೆಯಲ್ಲಿ ನೆಲೆಗೊಂಡು ಬೇರು ಬಿಟ್ಟಿತೆಂದೂ ಕಥೆ. ಪವಾಡವನ್ನು ಬದಿಗಿಟ್ಟು ಓದಿದರೆ ಉಳಿಯುವುದೇನು? ಕಡಿಯುವ ಜಾಗವನ್ನು ಮೊದಲೇ ಗುರುತು ಮಾಡಿದ್ದು. ಕೊಂಬೆಯನ್ನು ಬರಿದೇ ಒಯ್ಯದೆ ಪಾತ್ರೆಯಲ್ಲಿ ಬೇರು ಬರಿಸಿ ಹಡಗಿಗೇರಿಸಿದ್ದು. ಇದನ್ನು ಬರೆದ ಭಿಕ್ಷುವಿಗೆ ತೋಟಗಾರಿಕೆ ಗೊತ್ತಿತ್ತು. ಅನುರಾಧಪುರದಲ್ಲಿ ಆ ಮರ ಇಂದಿಗೂ ಪೂಜೆಗೊಳ್ಳುತ್ತಿದೆ. ಬೋಧಗಯೆಯ ಮೂಲಮರವಾದರೋ ಹಲವು ಬಾರಿ ನಾಶವಾಗಿ, ಈಗಿರುವುದು ಹತ್ತೊಂಬತ್ತನೆಯ ಶತಮಾನದಲ್ಲಿ ನೆಟ್ಟದ್ದು. ಹೊರಟುಹೋದ ಕೊಂಬೆ ಬದುಕಿತು, ಮನೆಯಲ್ಲಿ ನಿಂತ ಮರ ಬಿದ್ದಿತು.

ಅಂಜೂರ ರಾಜಕೀಯಕ್ಕೂ ಬಳಕೆಯಾದದ್ದು ರೋಮಿನಲ್ಲಿ. ವೃದ್ಧ ಕೇಟೋ ಕಾರ್ಥೇಜಿನ ಮೇಲೆ ಯುದ್ಧ ಸಾರಿಸಲು ಹಟ ಹಿಡಿದಿದ್ದ. ಒಮ್ಮೆ ಸೆನೆಟ್ಟಿನಲ್ಲಿ ಉಡುಪಿನ ಮಡಿಕೆ ಕೊಡಹುವಾಗ ಆಫ್ರಿಕದ ಅಂಜೂರಗಳು ಕೆಳಗುರುಳುವಂತೆ ಮಾಡಿ, ಇದು ಬೆಳೆಯುವ ನಾಡು ನಮ್ಮಿಂದ ಮೂರು ದಿನದ ಹಾದಿ ಎಂದು ಎಚ್ಚರಿಸಿದನೆಂದು ಪ್ಲೂಟಾರ್ಕ್ ಬರೆಯುತ್ತಾನೆ. ಶತ್ರು ಅಷ್ಟು ಹತ್ತಿರದಲ್ಲಿದ್ದಾನೆ ಎಂದು ಇಂಗಿತ. ಕ್ರಿ.ಪೂ. 149ರಲ್ಲಿ ಯುದ್ಧ ಹೊತ್ತಿಕೊಂಡಿತು. 146ರಲ್ಲಿ ಕಾರ್ಥೇಜ್ ನೆಲಸಮವಾಯಿತು. ಆದರೆ ಇದೇ ಕೇಟೋ ಕೃಷಿಯ ಮೇಲೊಂದು ಪುಸ್ತಕ ಬರೆದಿದ್ದಾನೆ. ಅದರಲ್ಲಿ ಇಟಲಿಯ ತೋಟಕ್ಕೆ ತಕ್ಕ ಅಂಜೂರದ ತಳಿಗಳನ್ನು ಹೆಸರಿಸುವಾಗ ‘ಆಫ್ರಿಕದ್ದು’ ಎಂಬ ಹೆಸರೂ ಬರುತ್ತದೆ! ಸೆನೆಟ್ಟಿನಲ್ಲಿ ಉರುಳಿದ ಹಣ್ಣು ಹಡಗಿನಲ್ಲಿ ಬಂದದ್ದೋ ಅವನ ಸ್ವಂತ ತೋಟದ್ದೋ ಎಂದು ಇತ್ತೀಚಿನ ಇತಿಹಾಸಕಾರರು ಸಂಶಯಪಟ್ಟದ್ದು ಸಹಜ. ಶತ್ರುವಿನ ಊರನ್ನು ಸುಡಬೇಕೆಂದವನ ಪುಸ್ತಕದಲ್ಲಿ ಶತ್ರುವಿನ ಗಿಡ ಆಗಲೇ ಬೇರೂರಿತ್ತು.

ಆ ಪುಸ್ತಕದಲ್ಲಿ ನಮಗೆ ಬೇಕಾದ ಇನ್ನೊಂದು ಸಂಗತಿಯಿದೆ. ಮರದ ಮೇಲಿರುವ ಕೊಂಬೆಯನ್ನು ತಳ ತೂತಾದ ಮಡಕೆಯೊಳಗೋ ಬುಟ್ಟಿಯೊಳಗೋ ತೂರಿಸಿ, ಮಣ್ಣು ತುಂಬಿ, ಮರದಲ್ಲೇ ಬಿಟ್ಟು, ಎರಡು ವರ್ಷದ ಬಳಿಕ ಕೆಳಗೆ ಕತ್ತರಿಸಿ ಮಡಕೆಯ ಸಮೇತ ನೆಡಬೇಕೆಂದು ಕೇಟೋ ವಿಧಿಸುತ್ತಾನೆ. ಇದು ನಮ್ಮ ಗೂಟಿಯೇ. ಅವನ ಮುಂದಿನ ತಲೆಮಾರುಗಳ ವಾರೋ ಬೀಜಕ್ಕೂ ಕಡ್ಡಿಗೂ ಇರುವ ವ್ಯತ್ಯಾಸವನ್ನು ಚರ್ಚಿಸುತ್ತಾನೆ. ಅಂಜೂರದ ಬೀಜ ತೀರಾ ನಿಧಾನ, ಕೊಂಬೆಯೇ ಲೇಸು. ಆದರೆ ಕಡಲಾಚೆಯ ತಳಿಗಳನ್ನು ತರಿಸುವಾಗ ಮಾಗಿದ ಹಣ್ಣುಗಳನ್ನು ದಾರಕ್ಕೆ ಪೋಣಿಸಿ, ಒಣಗಿಸಿ, ಕಟ್ಟು ಕಟ್ಟಿ ಕಳುಹಿಸುತ್ತಾರೆ, ಆ ಬೀಜಗಳನ್ನು ಪಾತಿಯಲ್ಲಿ ಬಿತ್ತುತ್ತಾರೆ ಎನ್ನುತ್ತಾನೆ. ಹಡಗಿನ ಪ್ರಯಾಣದಲ್ಲಿ ಹಸಿಕಡ್ಡಿ ಒಣಗಿಹೋಗುವ ಭಯ ಅವರಿಗಿತ್ತು. ಆ ಭಯ ಪರಿಹಾರವಾಗಲು ಹತ್ತೊಂಬತ್ತನೆಯ ಶತಮಾನ ಬರಬೇಕಾಯಿತು.

ನಮ್ಮ ಶಾಸ್ತ್ರಗ್ರಂಥಗಳು ಅಂಜೂರವನ್ನಲ್ಲದಿದ್ದರೂ ಕಡ್ಡಿಯನ್ನು ಚೆನ್ನಾಗಿ ಬಲ್ಲವು. ಕಾಂಡವನ್ನೇ ಬೀಜವಾಗಿ ನೆಡುವ ಸಸ್ಯಗಳಿಗೆ ಕತ್ತರಿಸಿದ ಬಾಯಿಗೆ ಜೇನು, ತುಪ್ಪ, ಹಂದಿಯ ಕೊಬ್ಬು, ಸಗಣಿ ಇವನ್ನು ಬೆರೆಸಿ ಬಳಿಯಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ಹೇಳುತ್ತದೆ. ಆರನೆಯ ಶತಮಾನದ ವರಾಹಮಿಹಿರ ‘ಬೃಹತ್ಸಂಹಿತೆ’ಯ ವೃಕ್ಷಾಯುರ್ವೇದದ ಅಧ್ಯಾಯದಲ್ಲಿ ಸಗಣಿ ಬಳಿದು ಕಾಂಡ ನೆಡತಕ್ಕ ಮರಗಳ ಪಟ್ಟಿ ಕೊಡುತ್ತಾನೆ: ಹಲಸು, ಬಾಳೆ, ನೇರಳೆ, ದಾಳಿಂಬೆ, ದ್ರಾಕ್ಷಿ, ಮಾದಲ ಇತ್ಯಾದಿ. ಅಂಜೂರ ಅದರಲ್ಲಿಲ್ಲ. ಈ ವಿದ್ಯೆಯನ್ನು ಕನ್ನಡಕ್ಕೆ ತಂದವನು ಇಮ್ಮಡಿ ಚಾವುಂಡರಾಯ. ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿ ಸುಮಾರು 1025ರಲ್ಲಿ ಅವನು ರಚಿಸಿದ ‘ಲೋಕೋಪಕಾರ’ದಲ್ಲಿ ಮಳೆಯ ಲಕ್ಷಣ, ಬಾವಿಯ ನೆಲೆ, ಅಡುಗೆ, ಔಷಧಗಳ ಜೊತೆಗೆ ವೃಕ್ಷಾಯುರ್ವೇದವೂ ಸೇರಿದೆ. ಕಾವ್ಯಗಳನ್ನು ಪಾಠ ಹೇಳುವಷ್ಟು ಉತ್ಸಾಹದಿಂದ ನಾವು ಇಂಥ ಪುಸ್ತಕವನ್ನು ಓದುವುದಿಲ್ಲ ಎಂಬುದು ನನ್ನ ಬಹುದಿನಗಳ ಕೊರಗು. ಸಾವಿರ ವರ್ಷದ ಹಿಂದೆ ಕನ್ನಡದಲ್ಲಿ ಗಿಡ ನೆಡುವುದನ್ನು ಹೇಗೆ ಹೇಳುತ್ತಿದ್ದರು ಎಂಬುದು ಭಾಷೆಯ ಪ್ರಶ್ನೆಯೂ ಹೌದು.

ಕನ್ನಡನಾಡಿನಲ್ಲಿ ಅಂಜೂರವೆಂದರೆ ಹಳೆಯ ಮೈಸೂರಿಗರ ನೆನಪಿಗೆ ಬರುವುದು ಗಂಜಾಂ. ಶ್ರೀರಂಗಪಟ್ಟಣದ ದ್ವೀಪದಲ್ಲಿ, ಟಿಪ್ಪುವಿನ ಲಾಲ್‌ಬಾಗಿನ ನೆರೆಯಲ್ಲಿರುವ ಊರು. ಅದರ ಹುಟ್ಟು ನೆನೆದರೆ ಕಡ್ಡಿಯ ಚರಿತ್ರೆಗೆ ಬೇರೊಂದು ಅರ್ಥ ಬರುತ್ತದೆ. ಹೊಸ ಪೇಟೆಯನ್ನು ತುಂಬಿಸಲು ಟಿಪ್ಪು ಸಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದನೆಂದು ಗೆಜೆಟಿಯರ್ ದಾಖಲಿಸಿದೆ. ಅದೇ ಟಿಪ್ಪು 1787ರಲ್ಲಿ ಫ್ರಾನ್ಸಿಗೆ ಕಳುಹಿಸಿದ ರಾಯಭಾರಿಗಳ ಮೂಲಕ ಅಲ್ಲಿನ ದೊರೆಯಿಂದ ಕುಶಲಕರ್ಮಿಗಳ ಜೊತೆಗೆ ಗಿಡ, ಬೀಜಗಳನ್ನೂ ಬೇಡಿದ. 1800ರಲ್ಲಿ ಬೆಂಗಳೂರಿನ ಸುಲ್ತಾನರ ತೋಟಗಳನ್ನು ನೋಡಿದ ಬುಕನನ್, ಒಂದು ಚೌಕ ಪೂರ್ತಿ ಗುಲಾಬಿ, ಇನ್ನೊಂದು ಪೂರ್ತಿ ದಾಳಿಂಬೆ ಎಂಬಂತೆ ಒಂದೊಂದು ಜಾತಿಗೆ ಒಂದೊಂದು ಪಾತಿ ಇದ್ದುದನ್ನು ಬರೆದಿದ್ದಾನೆ. ಎರಡೂ ಕಡ್ಡಿಯಿಂದ ಬೆಳೆಸುವ ಗಿಡಗಳೇ. ಗಿಡವನ್ನೂ ಜನರನ್ನೂ ಒಂದೇ ಬಗೆಯಲ್ಲಿ ಕಿತ್ತು ನೆಡುವ ಅರಸೊತ್ತಿಗೆಯ ಅಭ್ಯಾಸದಲ್ಲಿ ಒಂದು ವ್ಯತ್ಯಾಸ ಮರೆತುಹೋಗುತ್ತದೆ: ಕಡ್ಡಿ ಕೊಟ್ಟ ಮರ ಇದ್ದಲ್ಲೇ ಇರುತ್ತದೆ, ಸಿರಾದ ಮನೆಗಳು ಬರಿದಾದವು.

ಗಂಜಾಂ ಅಂಜೂರ ಒಂದು ತಳಿಯ ಹೆಸರಾಗಿ ತೋಟಗಾರಿಕೆಯ ಪುಸ್ತಕಗಳಲ್ಲಿ ಪುಣೆ, ದೌಲತಾಬಾದ್, ಬಳ್ಳಾರಿಗಳ ಸಾಲಿನಲ್ಲಿ ನಿಂತಿದೆ. ಪುಸ್ತಕದಲ್ಲಿ ನಿಂತಷ್ಟು ನೆಲದಲ್ಲಿ ನಿಂತಿಲ್ಲ. ಗಂಜಾಮಿನಲ್ಲೇ ಅದು ಈಗ ವಿರಳ. ಕರ್ನಾಟಕದ ಅಂಜೂರದ ಕೃಷಿ ಬಳ್ಳಾರಿ ಸೀಮೆಗೆ ಸರಿದಿದೆ. ಬೀಜದ ಬೆಳೆಯೊಂದು ಅಳಿದರೆ ಯಾರದೋ ಅಟ್ಟದ ಗಡಿಗೆಯಲ್ಲಿ ಒಂದು ಹಿಡಿ ಬೀಜ ಉಳಿದಿರಬಹುದೆಂಬ ಆಸೆಯಿದೆ. ಕಡ್ಡಿಯ ಬೆಳೆಗೆ ಅಂಥ ಅಟ್ಟವಿಲ್ಲ. ಕತ್ತರಿಸಿದ ಕಡ್ಡಿ ವಾರಗಳಲ್ಲಿ ಒಣಗುತ್ತದೆ. ಬದುಕಿರುವ ಗಿಡವೇ ಅದರ ಕಣಜ. ಕೊನೆಯ ಗಿಡ ಕಡಿದ ದಿನ, ಅದಕ್ಕೆ ಮೊದಲು ಯಾರೂ ಒಂದು ತುಂಡು ಒಯ್ದಿರದಿದ್ದರೆ, ಅಲ್ಲಿಗೆ ಆ ತಳಿ ಮುಗಿಯಿತು.

ಒಯ್ದರೂ ಸಾಲದೆ ಹೋದ ಕಥೆ ಕ್ಯಾಲಿಫೋರ್ನಿಯದ್ದು. ಸ್ಪೇನಿನ ಪಾದ್ರಿಗಳು ಹದಿನೆಂಟನೆಯ ಶತಮಾನದಲ್ಲಿ ತಂದ ಕಪ್ಪು ‘ಮಿಷನ್’ ಅಂಜೂರ ಅಲ್ಲಿ ಆಗಲೇ ಚೆನ್ನಾಗಿ ಬೆಳೆದಿತ್ತು. ಅದಕ್ಕೆ ಕಣಜ ಬೇಕಿರಲಿಲ್ಲ. ಆದರೆ ಒಣಗಿಸಿ ಮಾರಲು ಸ್ಮಿರ್ನಾದ, ಎಂದರೆ ಇಂದಿನ ತುರ್ಕಿಯ ಇಜ್ಮಿರಿನ, ಅಂಜೂರಕ್ಕೆ ಸಾಟಿಯಿರಲಿಲ್ಲ. 1880ರ ದಶಕದ ಮೊದಲಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ‘ಬುಲೆಟಿನ್’ ಪತ್ರಿಕೆ ಸ್ಮಿರ್ನಾದಿಂದ ಸುಮಾರು 14,000 ಕಡ್ಡಿಗಳನ್ನು ತರಿಸಿ ಹಂಚಿತು. ಕಡ್ಡಿಗಳು ಚಿಗುರಿದವು, ಗಿಡಗಳು ಸೊಂಪಾದವು, ಕಾಯಿ ಬಿಟ್ಟವು. ಕಾಯಿ ಗೋಲಿಯಷ್ಟಾಗಿ ಉದುರಿತು. ಮರುವರ್ಷವೂ ಉದುರಿತು. ಸ್ಮಿರ್ನಾದ ವ್ಯಾಪಾರಿಗಳು ಸ್ಪರ್ಧೆಗೆ ಹೆದರಿ ಕೆಲಸಕ್ಕೆ ಬಾರದ ಕಡ್ಡಿ ಕಳುಹಿಸಿ ಮೋಸಮಾಡಿದರೆಂದು ಬೆಳೆಗಾರರು ಸಿಟ್ಟಾದರು.

ಮೋಸವೇನೂ ಆಗಿರಲಿಲ್ಲ. ಸ್ಮಿರ್ನಾದ ರೈತರು ಪ್ರತಿವರ್ಷ ಕಾಡು ಅಂಜೂರದ ಕಾಯಿಗಳನ್ನು ತಂದು ತೋಟದ ಮರಗಳಿಗೆ ನೇತುಹಾಕುತ್ತಿದ್ದರು. ಕ್ರಿಸ್ತಪೂರ್ವ ಕಾಲದಲ್ಲೇ ಥಿಯೋಫ್ರಾಸ್ಟಸ್ ಈ ಪದ್ಧತಿಯನ್ನು ವಿವರಿಸಿದ್ದ. ಆದರೆ ಹತ್ತೊಂಬತ್ತನೆಯ ಶತಮಾನದ ಅನೇಕ ಸುಶಿಕ್ಷಿತರಿಗೆ ಅದು ಹಳ್ಳಿಗರ ಮೂಢನಂಬಿಕೆಯಾಗಿ ಕಂಡಿತು. ಫ್ರೆಸ್ನೊದ ಜಾರ್ಜ್ ರೋಡಿಂಗ್ 1890ರಲ್ಲಿ ಗಂಡುಕಾಯಿಯ ಪರಾಗವನ್ನು ಕೈಯಿಂದಲೇ ಹೆಣ್ಣುಕಾಯಿಯ ರಂಧ್ರದೊಳಗೆ ಸೇರಿಸಿ ನೋಡಿದ. ಆ ಕಾಯಿಗಳು ಉದುರದೆ ಮಾಗಿದವು. ಸಮಸ್ಯೆ ತಿಳಿದರೂ ಉತ್ತರ ಬೇಗ ಸಿಗಲಿಲ್ಲ. ಸಾವಿರಾರು ಮರಗಳಿಗೆ ಕೈಯಿಂದ ಪರಾಗ ಊಡಲಾಗದು, ಜೀವಂತ ಕಣಜ ಬೇಕು. ಹಲವು ವಿಫಲ ಯತ್ನಗಳ ನಂತರ ಅಮೆರಿಕದ ಕೃಷಿ ಇಲಾಖೆಯ ವಾಲ್ಟರ್ ಸ್ವಿಂಗಲ್ ಆಲ್ಜೀರಿಯದಿಂದ ಕಳುಹಿಸಿದ ಗಂಡುಕಾಯಿಗಳೊಳಗಿನ ಕಣಜಗಳು 1899ರಲ್ಲಿ ರೋಡಿಂಗನ ತೋಟದಲ್ಲಿ ನೆಲೆನಿಂತವು. ಹಣ್ಣಿಗೆ ‘ಕ್ಯಾಲಿಮಿರ್ನಾ’ ಎಂಬ ಹೊಸ ಹೆಸರು ಬಂತು. ಮರವನ್ನು ಕಡ್ಡಿಯಲ್ಲಿ ಮಡಿಚಿಕೊಂಡು ಬಂದವರಿಗೆ ಅದರ ಜೊತೆಗಾರ ಹುಳು, ಕಾಯಿ ನೇತುಹಾಕುವ ರೈತನ ತಿಳಿವಳಿಕೆ, ಇವೂ ಸಾಮಾನಿನ ಪಟ್ಟಿಯಲ್ಲಿ ಇರಬೇಕೆಂದು ಹೊಳೆಯಲು ಹದಿನೆಂಟು ವರ್ಷ ಹಿಡಿಯಿತು. ಹೊರನಾಡಿನಲ್ಲಿ ಕನ್ನಡದ ಸಂಘ ಕಟ್ಟಿದವರಿಗೆ ಈ ಕಥೆ ಅಪರಿಚಿತವೆನಿಸಲಾರದು. ಪುಸ್ತಕಗಳ ಕಪಾಟು ಬಂದುಬಿಡುತ್ತದೆ. ಓದುವ ಮಕ್ಕಳು ಬರುವುದು ತಡವಾಗುತ್ತದೆ.

ಇನ್ನು ಕಡ್ಡಿ ಮನೆಯೊಳಗೆ ಬಂದ ಬಗೆ. ಮೆಡಿಟರೇನಿಯನ್ ದೇಶಗಳಲ್ಲಿ ಚಳಿಗಾಲದ ಕೊನೆಗೆ ಕಡ್ಡಿಯನ್ನು ನೇರವಾಗಿ ನೆಲಕ್ಕೆ ಊರಿದರೆ ಸಾಕಿತ್ತು. ಚಳಿದೇಶಗಳಿಗೆ ಅಂಜೂರ ಹೋದಾಗ ಅದಕ್ಕೆ ಗೋಡೆಯ ಆಸರೆ, ಗಾಜಿನ ಮರೆ ಬೇಕಾಯಿತು. ಆಕ್ಸ್‌ಫರ್ಡಿನ ಅರಬ್ಬೀ ಪ್ರಾಧ್ಯಾಪಕ ಎಡ್ವರ್ಡ್ ಪೊಕಾಕ್ ಹದಿನೇಳನೆಯ ಶತಮಾನದ ನಡುವೆ ಸಿರಿಯದಿಂದ ತಂದು ನೆಟ್ಟ ಮರ ಅಲ್ಲಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ಈಗಲೂ ಇದೆ. ನ್ಯೂಯಾರ್ಕಿಗೆ ವಲಸೆ ಹೋದ ಇಟಲಿಯವರು ತಮ್ಮ ಊರಿನ ಅಂಜೂರದ ಕಡ್ಡಿಗಳನ್ನು ಸಾಮಾನಿನೊಳಗೆ ಸುತ್ತಿಟ್ಟುಕೊಂಡು ಹೋದರು; ಹಿಮ ಬೀಳುವ ಮೊದಲು ಗಿಡವನ್ನು ಬಗ್ಗಿಸಿ ಮಣ್ಣಲ್ಲಿ ಹೂಳುವುದು, ಕಂಬಳಿ ಸುತ್ತುವುದು ಅವರ ಮನೆತನದ ಆಚಾರವೇ ಆಯಿತು. ಇದರ ನಡುವೆ, 1829ರಲ್ಲಿ, ನಥಾನಿಯಲ್ ವಾರ್ಡ್ ಎಂಬ ಲಂಡನ್ನಿನ ವೈದ್ಯ ಪತಂಗದ ಕೋಶವೊಂದನ್ನು ಮುಚ್ಚಿದ ಬಾಟಲಿಯಲ್ಲಿಟ್ಟಿದ್ದಾಗ ಅದರೊಳಗಿನ ಹಸಿಮಣ್ಣಿನಲ್ಲಿ ಜರೀಗಿಡವೂ ಹುಲ್ಲೂ ತಾವಾಗಿ ಚಿಗುರಿದ್ದನ್ನು ಕಂಡ. ಒಳಗಿನ ತೇವ ಗಾಜಿಗೆ ಹನಿಗಟ್ಟಿ ಮತ್ತೆ ಮಣ್ಣಿಗೇ ಇಳಿಯುತ್ತದೆ, ನೀರು ಹಾಕುವ ಅಗತ್ಯವಿಲ್ಲ ಎಂದು ತಿಳಿದು ಅವನು ಗಾಜಿನ ಪೆಟ್ಟಿಗೆಗಳನ್ನು ಮಾಡಿಸಿದ. 1833ರಲ್ಲಿ ಅಂಥ ಎರಡು ಪೆಟ್ಟಿಗೆಗಳು ಗಿಡಗಳೊಂದಿಗೆ ಸಿಡ್ನಿಗೆ ಹೋದವು. ಚೀನದ ಚಹಾ ಸಸಿ ಹಿಮಾಲಯದ ತಪ್ಪಲಿಗೆ ಬಂದದ್ದು ಈ ಪೆಟ್ಟಿಗೆಯಲ್ಲಿ. ವಾರೋನ ಕಾಲದ ಭಯಕ್ಕೆ ಪರಿಹಾರ ಸಿಕ್ಕಿತು, ಸಾಮ್ರಾಜ್ಯಗಳಿಗೆ ತೋಟಗಳೂ ಸಿಕ್ಕವು.

ಇಂದು ನಮ್ಮ ಅಡುಗೆಮನೆಯ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ವಾರ್ಡನ ಪೆಟ್ಟಿಗೆಯ ಬಡ ಸಂಬಂಧಿ. ಅದರಲ್ಲಿ ಅಂಜೂರ ಬೆಳೆಸುವ ಕ್ರಮವೂ ಹಳೆಯ ವಿದ್ಯೆಯ ತುಣುಕುಗಳಿಂದಲೇ ಕೂಡಿದ್ದು. ಗಿಡ ಸವರುವ ಕಾಲದಲ್ಲಿ, ಎಲೆ ಉದುರಿ ಮಲಗಿರುವ ಕೊಂಬೆಯಿಂದ, ಪೆನ್ಸಿಲಿನಷ್ಟು ದಪ್ಪದ, ಗೇಣುದ್ದದ, ಮೂರು ನಾಲ್ಕು ಗಿಣ್ಣುಗಳಿರುವ ಬಲಿತ ಕಡ್ಡಿ ಬೇಕು. ಕೆಳಗಿನ ಗಿಣ್ಣಿಗೆ ತಾಗಿ ಕತ್ತರಿಸಬೇಕು. ಬೇರು ಅಲ್ಲಿಯೇ ಹೆಚ್ಚು ಒಡೆಯುತ್ತದೆ. ಸೋರುವ ಹಾಲನ್ನು ಒರೆಸಿ, ಗಾಯ ಒಂದಿಷ್ಟು ಆರಲು ಬಿಡಬೇಕು. ತೆಂಗಿನ ನಾರಿನ ಪುಡಿಯನ್ನು ನೆನೆಸಿ, ಮುಷ್ಟಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಒಣಗಿಸಿ, ಅದರಲ್ಲಿ ಕಡ್ಡಿಯನ್ನು ಊರಿ ಮುಚ್ಚಬೇಕು. ಕೊಂಬೆಯ ಮೊಗ್ಗಿನಲ್ಲಿ ಹುಟ್ಟಿ ಕೆಳಗಿಳಿಯುವ ಒಂದು ರಾಸಾಯನಿಕವೇ ಬೇರನ್ನು ಪ್ರಚೋದಿಸುತ್ತದೆಂದು ವಿಜ್ಞಾನಿಗಳು ಕಂಡುಕೊಂಡದ್ದು 1930ರ ದಶಕದಲ್ಲಿ. ಅಂಗಡಿಯಲ್ಲಿ ಸಿಗುವ ಬೇರಿನ ಪುಡಿ ಅದರ ಫಲ. ಅದಕ್ಕೂ ಬಹಳ ಹಿಂದೆಯೇ ಯುರೋಪಿನ, ಪಶ್ಚಿಮ ಏಷ್ಯಾದ ರೈತರು ಕಡ್ಡಿಯ ಬುಡವನ್ನು ಸೀಳಿ ಮೊಳೆಯುವ ಧಾನ್ಯದ ಕಾಳೊಂದನ್ನು ಸಿಕ್ಕಿಸುತ್ತಿದ್ದರು. ಮೊಳಕೆಯಲ್ಲಿಯೂ ಅದೇ ರಾಸಾಯನಿಕ ಹುಟ್ಟುತ್ತದೆ. ಕೌಟಿಲ್ಯನ ಜೇನುತುಪ್ಪದ ಲೇಪ ಬೇರು ಬರಿಸುತ್ತಿತ್ತೆಂದು ಹೇಳಲಾರೆ. ಜೇನು ಕೊಳೆಯನ್ನು ತಡೆಯುತ್ತದೆ, ತುಪ್ಪವೂ ಕೊಬ್ಬೂ ಗಾಯ ಒಣಗದಂತೆ ಕಾಯುತ್ತವೆ ಎಂಬುದಂತೂ ನಿಜ.

ಬೆಚ್ಚಗೆ, ಸುಮಾರು 24ರಿಂದ 27 ಡಿಗ್ರಿಯಲ್ಲಿ, ನೇರ ಬಿಸಿಲು ತಾಗದಂತೆ ಇಟ್ಟರೆ ಮೂರರಿಂದ ಆರು ವಾರಗಳಲ್ಲಿ ಬಿಳಿಯ ಬೇರು ಡಬ್ಬಿಯ ಗೋಡೆಗೆ ಕಾಣುತ್ತದೆ. ದಿಲ್ಲಿಯ ಚಳಿಯಲ್ಲಿ ಫ್ರಿಜ್ಜಿನ ತಲೆಯ ಮೇಲಿನ ಕಾವು ಒಳ್ಳೆಯದು. ಚೆನ್ನೈಯ ಸೆಕೆಯಲ್ಲಿ ಮನೆಯ ತಂಪಾದ ಮೂಲೆ. ಮುಂಬೈಯ ಮಳೆಗಾಲದಲ್ಲಿ ಬೂಷ್ಟಿನ ಕಾಟ ಇದ್ದದ್ದೇ, ಆಗಾಗ ಮುಚ್ಚಳ ತೆರೆದು ಗಾಳಿಯಾಡಿಸಬೇಕು. ಎಲ್ಲೆಡೆಯೂ ಜನ ಹಿಗ್ಗಿ ಕೆಡುವುದು ಒಂದೇ ಕಡೆ: ಬೇರಿಗೆ ಮೊದಲೇ ಎಲೆ ಬರುತ್ತದೆ. ಅದು ಕಡ್ಡಿಯೊಳಗೆ ಕೂಡಿಟ್ಟ ಬುತ್ತಿಯಿಂದ ಬಂದ ಎಲೆ. ಗಿಡ ಹಿಡಿಯಿತೆಂದು ನೀರು ಸುರಿದರೆ ಬುಡ ಕೊಳೆಯುತ್ತದೆ. ಬಿಸಿಲಿಗಿಟ್ಟರೆ ಬುತ್ತಿ ಮುಗಿದು ಬಾಡುತ್ತದೆ. ಪರಸ್ಥಳಕ್ಕೆ ಹೊಸದಾಗಿ ಬಂದವರ ಮೊದಲ ವರ್ಷದ ಉತ್ಸಾಹವನ್ನು ಬಲ್ಲವರು ಈ ಎಲೆಯನ್ನು ಸರಿಯಾಗಿ ಅರ್ಥಮಾಡಿಕೊಳ್ಳುತ್ತಾರೆ.

ಕಡ್ಡಿಯ ಜೊತೆ ಬೇಡದ್ದೂ ಬರುತ್ತದೆ. ಅಂಜೂರದ ಎಲೆಗಳಲ್ಲಿ ಹಳದಿ ಮಚ್ಚೆ ಮೂಡಿಸುವ ವೈರಸ್ ರೋಗವೊಂದು ಕಡ್ಡಿಯಿಂದ ಕಡ್ಡಿಗೆ ದಾಟಿ ಲೋಕವೆಲ್ಲ ಹರಡಿದೆ. ತಾಯಿಯೇ ಮರಳಿ ಬರುವುದಾದರೆ ತಾಯಿಯ ಕಾಯಿಲೆಯೂ ಬರಬೇಕಷ್ಟೆ. ಇನ್ನು ಹೆಸರು. ಬರಿಯ ಕಡ್ಡಿ ನೋಡಿ ತಳಿ ಹೇಳುವುದು ಬಲ್ಲವರಿಗೂ ಕಷ್ಟ, ಹಣ್ಣು ಬಿಡುವವರೆಗೆ ಕಾಯಬೇಕು. ಕೇಟೋನ ಪಟ್ಟಿಯ ಹೆಸರುಗಳು ಪುಸ್ತಕದಲ್ಲಿ ಉಳಿದಿವೆ, ಆ ಹೆಸರಿನ ಮರ ಇಂದು ಯಾವುದೆಂದು ಬೆರಳು ಮಾಡಿ ತೋರಿಸುವವರಿಲ್ಲ. ಅದಕ್ಕೇ ಊರುವ ದಿನವೇ ಡಬ್ಬಿಯ ಮೇಲೆ ತಳಿ, ಊರು, ದಿನಾಂಕ ಮೂರನ್ನೂ ಬರೆದಿಡುವುದು ಒಳಿತು. ಪುಣೆಯಲ್ಲಿರುವವರು ಸಾಸವಡದ ಕಡೆ ಗಿಡ ಸವರುವ ದಿನಗಳಲ್ಲಿ ಹೋದರೆ, ಅಲ್ಲಿನ ರೈತನಿಗೆ ಕಸವಾದ ಒಂದು ಕಟ್ಟು ಕಡ್ಡಿ ಕೇಳಿದವರಿಗೆ ಸಿಕ್ಕೀತು. ಗಂಜಾಮಿನಲ್ಲಿ ಬಂಧುಗಳಿರುವವರು, ಅವರ ಹಿತ್ತಿಲಲ್ಲಿ ಹಳೆಯ ಅಂಜೂರದ ಗಿಡವೊಂದು ಇನ್ನೂ ನಿಂತಿದ್ದರೆ, ಮುಂದಿನ ಸಲ ಊರಿಗೆ ಹೋದಾಗ ಚೀಲದಲ್ಲಿ ಒದ್ದೆಬಟ್ಟೆಯೊಂದನ್ನು ಇಟ್ಟುಕೊಳ್ಳಲಿ.